ಸರಕು ಗಡಿ ದಾಟುವ ಮುನ್ನ: ರಫ್ತಿನಲ್ಲಿ ಬೌದ್ಧಿಕ ಆಸ್ತಿ ಹಕ್ಕು ಪರಿಶೀಲಿಸುವ ಬಗೆ

ಟ್ರೇಡ್‌ಮಾರ್ಕ್ ನೋಂದಣಿ ಪತ್ರ ಕೈಯಲ್ಲಿದೆ, ಸರಕು ಅಸಲಿ, ಕಸ್ಟಮ್ಸ್ ಕಾಗದಗಳೂ ಸರಿಯಾಗಿವೆ. ಆದರೂ ಪರದೇಶದ ಬಂದರಿನಲ್ಲಿ ಕಂಟೇನರ್ ನಿಂತುಬಿಡುತ್ತದೆ. ಸರಕು ದೇಶ ದಾಟುತ್ತದೆ, ಹಕ್ಕು ದಾಟುವುದಿಲ್ಲ. ಒಂದು ದೇಶದಲ್ಲಿ ಮಾಡಿಸಿದ ನೋಂದಣಿಯ ಬಲ ಆ ದೇಶದ ಗಡಿಯಲ್ಲೇ ಮುಗಿಯುತ್ತದೆ. ಆಚೆಗೆ ಅದೇ ಹೆಸರು, ಅದೇ ಆಕಾರ, ಅದೇ ತಂತ್ರ ಬೇರೊಬ್ಬರ ಸೊತ್ತಾಗಿರಬಹುದು, ಯಾರ ಸೊತ್ತೂ ಆಗಿರದೆಯೂ ಇರಬಹುದು. ರಫ್ತುದಾರರು ಪದೇ ಪದೇ ಎಡವುವುದು ಇಲ್ಲೇ.

ಜಾಗತಿಕ ಒಪ್ಪಂದ ಒಂದಿದೆಯಲ್ಲ, ಅದು ಕಾಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಜತೆಗೇ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದ, ಅಂದರೆ ಬೌದ್ಧಿಕ ಆಸ್ತಿ ಹಕ್ಕುಗಳ ವ್ಯಾಪಾರ ಸಂಬಂಧಿ ಅಂಶಗಳ ಒಪ್ಪಂದ, ಯಾವ ವ್ಯಾಪಾರಿಗೂ ನೇರವಾಗಿ ಹಕ್ಕು ಕೊಡುವುದಿಲ್ಲ. ಸದಸ್ಯ ದೇಶಗಳು ತಮ್ಮ ಕಾನೂನಿನಲ್ಲಿ ಕನಿಷ್ಠ ಎಷ್ಟು ರಕ್ಷಣೆ ಇಡಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ: ಪೇಟೆಂಟ್‌ಗೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಕೈಗಾರಿಕಾ ವಿನ್ಯಾಸಕ್ಕೆ 10 ವರ್ಷ, ಟ್ರೇಡ್‌ಮಾರ್ಕ್‌ಗೆ ಒಂದೊಂದು ಅವಧಿಯೂ 7 ವರ್ಷಕ್ಕೆ ಕಡಿಮೆಯಿಲ್ಲದಂತೆ, ಎಷ್ಟು ಸಲ ಬೇಕಾದರೂ ನವೀಕರಣ. ಇದು ನೆಲಮಟ್ಟ ಮಾತ್ರ, ಇದರ ಮೇಲೆ ಎಷ್ಟು ಎತ್ತರಕ್ಕೆ ಕಟ್ಟಿಕೊಳ್ಳಬೇಕೆಂಬುದು ಆಯಾ ದೇಶಕ್ಕೆ ಬಿಟ್ಟದ್ದು. ಒಪ್ಪಂದದ 3ನೇ ವಿಧಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ತನ್ನ ಪ್ರಜೆಗಳಿಗೆ ಕೊಡುವುದಕ್ಕಿಂತ ಕಡಿಮೆ ರಕ್ಷಣೆಯನ್ನು ಬೇರೆ ಸದಸ್ಯ ದೇಶದವರಿಗೆ ಯಾವ ದೇಶವೂ ಕೊಡುವಂತಿಲ್ಲ. ಅಂದರೆ ಪರದೇಶದಲ್ಲಿ ಅರ್ಜಿ ಹಾಕಿ ಹಕ್ಕು ಪಡೆಯುವ ಬಾಗಿಲು ನಿಮಗೂ ತೆರೆದಿದೆ. ಆದರೆ ಅರ್ಜಿಯನ್ನು ನೀವೇ ಹಾಕಬೇಕು, ಅದೂ ಸಮಯಕ್ಕೆ ಸರಿಯಾಗಿ.

ಸರಕನ್ನು ಹಕ್ಕುಗಳಾಗಿ ಬಿಡಿಸಿ

ಒಂದು ರೀಚಾರ್ಜ್ ಮಾಡಬಹುದಾದ ಎಲ್‌ಇಡಿ ದೀಪವನ್ನು ಮೇಜಿನ ಮೇಲಿಡಿ. ಡಬ್ಬಿ ಬಿಚ್ಚಿ, ಒಂದೊಂದೇ ಭಾಗ ಎತ್ತಿ ಬರೆದುಕೊಳ್ಳುತ್ತಾ ಹೋಗಿ. ಡಬ್ಬಿಯ ಮೇಲಿನ ಹೆಸರು ಮತ್ತು ಲೋಗೊ ಟ್ರೇಡ್‌ಮಾರ್ಕ್‌ಗೆ ಸೇರಿದ್ದು. ದೀಪದ ಹೊರಮೈ ಆಕಾರ ವಿನ್ಯಾಸದ ಹಕ್ಕು. ಚಾರ್ಜಿಂಗ್ ಸರ್ಕ್ಯೂಟ್, ಬಿಸಿ ಹೊರಹಾಕುವ ಜೋಡಣೆ ಪೇಟೆಂಟ್‌ನ ಪ್ರದೇಶ. ಒಳಗಿನ ಚಿಪ್‌ನಲ್ಲಿರುವ ಸಾಫ್ಟ್‌ವೇರ್ ಕೃತಿಸ್ವಾಮ್ಯಕ್ಕೆ ಒಳಪಟ್ಟದ್ದು, ಟ್ರಿಪ್ಸ್ 10ನೇ ವಿಧಿ ಅದನ್ನು ಸಾಹಿತ್ಯ ಕೃತಿಯಂತೆಯೇ ಕಾಪಾಡಬೇಕೆನ್ನುತ್ತದೆ. ಬಳಕೆಯ ಕೈಪಿಡಿ, ಅದರಲ್ಲಿನ ಚಿತ್ರ, ಡಬ್ಬಿಯ ಮೇಲಿನ ಫೋಟೊ, ಇವೂ ಕೃತಿಸ್ವಾಮ್ಯವೇ. ಬೇರೆ ಕಂಪನಿಯಿಂದ ತಂದು ಕೂರಿಸಿದ ಬ್ಯಾಟರಿಯ ಮೇಲೆ ಆ ಕಂಪನಿಯ ಗುರುತಿದ್ದರೆ ಅದು ಇನ್ನೊಂದು ಟ್ರೇಡ್‌ಮಾರ್ಕ್.

ಪ್ರತಿ ಭಾಗಕ್ಕೂ ಐದು ಕಾಲಂ ತುಂಬಿ: ಹಕ್ಕಿನ ಬಗೆ, ಮಾಲೀಕರು ಯಾರು, ನಮಗೆ ಬಳಸುವ ಅನುಮತಿ ಯಾವ ಕಾಗದದಲ್ಲಿದೆ, ಯಾವ ದೇಶದಲ್ಲಿ, ಯಾವ ದಿನಾಂಕದವರೆಗೆ. ಮೂರನೇ ಕಾಲಂನಲ್ಲಿ 'ಸಪ್ಲೈಯರ್ ಕೊಟ್ಟದ್ದು' ಎಂದಷ್ಟೇ ಬರೆಯುವಂತಾದರೆ ಅಲ್ಲೇ ನಿಲ್ಲಿ. ಸಾಮಾನ್ಯವಾಗಿ ಮನುಷ್ಯರ ಕಣ್ಣು ತಪ್ಪುವುದು ಕೈಪಿಡಿ ಮತ್ತು ಫೋಟೊಗಳ ವಿಷಯದಲ್ಲಿ. ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ. 1886ರ ಬರ್ನ್ ಒಪ್ಪಂದದ ದೆಸೆಯಿಂದ ಅದು ಸದಸ್ಯ ದೇಶಗಳಲ್ಲೆಲ್ಲ ತಾನಾಗಿಯೇ ಇರುತ್ತದೆ. ಇಂಟರ್‌ನೆಟ್‌ನಿಂದ ಎತ್ತಿಕೊಂಡ ಒಂದು ಚಿತ್ರ ನೀವು ಹೋದ ಕಡೆಯಲ್ಲೆಲ್ಲ ನಿಮ್ಮ ಹಿಂದೆಯೇ ಬರುತ್ತದೆ.

ಸರಕಿನ ಹೆಸರಲ್ಲಿ ಊರಿನ ಅಥವಾ ಪ್ರದೇಶದ ಹೆಸರಿದ್ದರೆ ಭೌಗೋಳಿಕ ಸೂಚ್ಯಂಕದ ಪ್ರಶ್ನೆಯೂ ಏಳುತ್ತದೆ. ಮೂಲದ ಬಗ್ಗೆ ಗ್ರಾಹಕರನ್ನು ತಪ್ಪುದಾರಿಗೆ ಎಳೆಯುವ ಬಳಕೆಯನ್ನು ಟ್ರಿಪ್ಸ್ 22ನೇ ವಿಧಿ ತಡೆಯುತ್ತದೆ. ವೈನ್ ಮತ್ತು ಮದ್ಯಕ್ಕೆ 23ನೇ ವಿಧಿಯ ಬಿಗಿ ಇನ್ನೂ ಹೆಚ್ಚು: ನಿಜವಾದ ಮೂಲವನ್ನು ಬರೆದಿದ್ದರೂ, 'ಆ ಶೈಲಿಯ', 'ಆ ಬಗೆಯ' ಎಂದು ಸೇರಿಸಿದ್ದರೂ ಆ ಹೆಸರು ಬಳಸುವಂತಿಲ್ಲ.

ಮೂರು ಬಗೆಯ ದೇಶ

ಈಗ ದೇಶಗಳ ಪಟ್ಟಿ. ಸರಕು ಮಾರಾಟವಾಗುವ ದೇಶ ಎಲ್ಲರಿಗೂ ನೆನಪಿರುತ್ತದೆ. ಅದು ತಯಾರಾಗುವ ದೇಶ, ಹಡಗು ಅಥವಾ ವಿಮಾನ ಬದಲಿಸುವ ದೇಶ ಮರೆತುಹೋಗುತ್ತವೆ. ಮೂರನ್ನೂ ಬರೆಯಿರಿ.

ತಯಾರಿಕೆಯ ದೇಶ ಯಾಕೆ ಮುಖ್ಯ ಎಂದರೆ, ಅರ್ಜಿ ಮೊದಲು ಹಾಕಿದವರಿಗೇ ಟ್ರೇಡ್‌ಮಾರ್ಕ್ ಕೊಡುವ ದೇಶಗಳು ಹಲವಿವೆ. ಅಲ್ಲಿ ನೀವು ಒಂದು ಡಬ್ಬಿಯನ್ನೂ ಮಾರುತ್ತಿಲ್ಲ, ಬರೀ ತಯಾರು ಮಾಡಿಸುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಬೇರೊಬ್ಬರು ನಿಮ್ಮ ಹೆಸರನ್ನು ಅಲ್ಲಿ ನೋಂದಾಯಿಸಿಕೊಂಡರೆ ನಿಮ್ಮದೇ ಸರಕು ಆ ದೇಶದಿಂದ ಹೊರಬೀಳುವಾಗ ರಫ್ತು ಗೇಟಿನಲ್ಲೇ ಸಿಕ್ಕಿಬೀಳಬಹುದು. ಟ್ರಿಪ್ಸ್ ಪ್ರಕಾರ ರಫ್ತನ್ನು ತಡೆಯುವ ಏರ್ಪಾಡು ಕಡ್ಡಾಯವಲ್ಲ, ಆದರೆ ದೇಶಗಳು ಬೇಕಿದ್ದರೆ ಇಟ್ಟುಕೊಳ್ಳಬಹುದು, ಇಟ್ಟುಕೊಂಡಿವೆ. ಆದ್ದರಿಂದ ಫ್ಯಾಕ್ಟರಿಗೆ ಲೋಗೊ ಫೈಲು ಕಳಿಸುವ ಮುಂಚೆಯೇ ಆ ದೇಶದಲ್ಲಿ ಅರ್ಜಿ ಹಾಕಿ. ಸ್ಯಾಂಪಲ್ ಬಂದ ಮೇಲೆ ನೋಡೋಣ ಎಂದು ತಡೆದರೆ ತಡವಾದಂತೆಯೇ.

ಹುಡುಕಾಟ

ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೊ, ಉಚಿತ ಹುಡುಕು ತಾಣಗಳನ್ನು ನಡೆಸುತ್ತದೆ: ಪೇಟೆಂಟ್‌ಗೆ ಪೇಟೆಂಟ್‌ಸ್ಕೋಪ್, ಟ್ರೇಡ್‌ಮಾರ್ಕ್‌ಗೆ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್. ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸೆನೆಟ್ ಕೂಡ ಉಚಿತ, ಒಂದೇ ಆವಿಷ್ಕಾರಕ್ಕೆ ಬೇರೆ ಬೇರೆ ದೇಶಗಳಲ್ಲಿ ಹಾಕಿದ ಅರ್ಜಿಗಳನ್ನು ಒಟ್ಟಿಗೆ ತೋರಿಸುವುದರಿಂದ ಬಹಳ ಉಪಯೋಗಿ.

ಟ್ರೇಡ್‌ಮಾರ್ಕ್ ಹುಡುಕುವಾಗ ನೀಸ್ ವರ್ಗೀಕರಣ ನೋಡಿ. ಒಟ್ಟು 45 ವರ್ಗಗಳಿವೆ: 1ರಿಂದ 34 ಸರಕಿಗೆ, 35ರಿಂದ 45 ಸೇವೆಗೆ. ನಮ್ಮ ದೀಪ 11ನೇ ವರ್ಗ, ಅದರ ಬ್ಯಾಟರಿ 9ನೇ ವರ್ಗ. ಎರಡರಲ್ಲೂ ಹುಡುಕಬೇಕು. ಬರೆದ ಹೆಸರನ್ನಷ್ಟೇ ಅಲ್ಲ, ಉಚ್ಚಾರಣೆ ಹೋಲುವ ಹೆಸರು, ಆ ದೇಶದ ಲಿಪಿಯಲ್ಲಿ ಬರೆದಾಗ ಆಗುವ ರೂಪ, ಅರ್ಥದ ಅನುವಾದ, ಎಲ್ಲವನ್ನೂ ಹಾಕಿ ನೋಡಿ. ಹಳೆಯ ನೋಂದಣಿಯೊಂದು ಅಡ್ಡ ಬಂದರೆ ಅದು ನಿಜಕ್ಕೂ ಬಳಕೆಯಲ್ಲಿದೆಯೇ ವಿಚಾರಿಸಿ. ಬಳಕೆಯಿಲ್ಲದ ಮಾರ್ಕನ್ನು ರದ್ದು ಮಾಡಲು ದೇಶಗಳು ಅವಕಾಶ ಕೊಡಬಹುದು, ಆದರೆ ಕನಿಷ್ಠ 3 ವರ್ಷ ಎಡೆಬಿಡದೆ ಬಳಕೆ ನಿಂತಿರಬೇಕು ಎಂದು ಟ್ರಿಪ್ಸ್ 19ನೇ ವಿಧಿ ಹೇಳುತ್ತದೆ.

ಪೇಟೆಂಟ್ ಕಾಗದ ಕೈಗೆ ಬಂದಾಗ ಶೀರ್ಷಿಕೆ, ಸಾರಾಂಶ, ಚಿತ್ರ ನೋಡಿ ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ಕೊನೆಯಲ್ಲಿರುವ ಕ್ಲೇಮುಗಳಿಗೆ, ಅಂದರೆ ಯಾವುದಕ್ಕೆ ರಕ್ಷಣೆ ಕೇಳಿದೆ ಎಂದು ಹೇಳುವ ಸಾಲುಗಳಿಗೆ ಹೋಗಿ. ಬೇರೆ ಕ್ಲೇಮನ್ನು ಆಧರಿಸದ ಸ್ವತಂತ್ರ ಕ್ಲೇಮು ಯಾವುದೋ ಅದನ್ನು ಅಂಶಗಳಾಗಿ ಒಡೆಯಿರಿ. ಪ್ರತಿ ಅಂಶವೂ, ಅಥವಾ ಅದಕ್ಕೆ ಸಮನಾದದ್ದು, ನಿಮ್ಮ ಸರಕಿನಲ್ಲಿದ್ದರೆ ಅಪಾಯವಿದೆ. ಅವುಗಳಲ್ಲಿ ಯಾವುದಾದರೂ ಒಂದು ಅಂಶ ಮತ್ತು ಅದಕ್ಕೆ ಸಮನಾದದ್ದು ಎರಡೂ ಇಲ್ಲದಿದ್ದರೆ ಸಾಮಾನ್ಯವಾಗಿ ಆ ಕ್ಲೇಮಿನಿಂದ ನೀವು ಹೊರಗೆ. ಪೇಟೆಂಟ್ ಜೀವಂತವಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. 20 ವರ್ಷ ತುಂಬುವ ಮೊದಲೇ ನವೀಕರಣ ಶುಲ್ಕ ಕಟ್ಟದೆ ಸತ್ತುಹೋದ ಪೇಟೆಂಟ್‌ಗಳು ಬೇಕಾದಷ್ಟಿವೆ. ಜಾಗತಿಕ ತಾಣಗಳಲ್ಲಿ ಈ ಮಾಹಿತಿ ತಡವಾಗಿ ಬರುತ್ತದೆ. ಕಡೆಯ ಮಾತು ಆಯಾ ದೇಶದ ಪೇಟೆಂಟ್ ಕಚೇರಿಯ ರಿಜಿಸ್ಟರ್‌ನದ್ದೇ.

ಎಷ್ಟೇ ಹುಡುಕಿದರೂ ಕಾಣದ ಒಂದು ಜಾಗವಿದೆ. ಪೇಟೆಂಟ್ ಅರ್ಜಿ ಸಾಮಾನ್ಯವಾಗಿ ಮೊದಲ ದಿನಾಂಕದಿಂದ 18 ತಿಂಗಳು ಕಳೆದ ಮೇಲೆ ಪ್ರಕಟವಾಗುತ್ತದೆ. ಅಂದರೆ ಇಂದು ಹುಡುಕಿದವರಿಗೆ ಕಳೆದ ಒಂದೂವರೆ ವರ್ಷದ ಅರ್ಜಿಗಳು ಹೆಚ್ಚಾಗಿ ಸಿಗುವುದೇ ಇಲ್ಲ. ದೊಡ್ಡ ಆರ್ಡರ್ ಹಿಡಿದಿದ್ದರೆ ಆರು ತಿಂಗಳಿಗೊಮ್ಮೆ ಹುಡುಕಾಟವನ್ನು ಮತ್ತೆ ಮಾಡಿ, ಮಾಡಿದ ದಿನಾಂಕವನ್ನು ಬರೆದಿಡಿ.

ಕ್ಯಾಲೆಂಡರ್ ತಪ್ಪಿದರೆ ಹಕ್ಕೂ ತಪ್ಪಿತು

1883ರ ಪ್ಯಾರಿಸ್ ಒಪ್ಪಂದ ಕೊಟ್ಟ ಆದ್ಯತಾ ಅವಧಿ ಇಡೀ ವ್ಯವಸ್ಥೆಯ ಬೆನ್ನೆಲುಬು. ಒಂದು ದೇಶದಲ್ಲಿ ಮೊದಲ ಅರ್ಜಿ ಹಾಕಿದ ಮೇಲೆ ಪೇಟೆಂಟ್‌ಗೆ 12 ತಿಂಗಳು, ಟ್ರೇಡ್‌ಮಾರ್ಕ್ ಮತ್ತು ವಿನ್ಯಾಸಕ್ಕೆ 6 ತಿಂಗಳು ಕಾಲಾವಕಾಶ. ಅಷ್ಟರೊಳಗೆ ಬೇರೆ ಸದಸ್ಯ ದೇಶದಲ್ಲಿ ಅರ್ಜಿ ಹಾಕಿದರೆ ಮೊದಲ ದಿನಾಂಕವೇ ಅಲ್ಲಿಯೂ ಲೆಕ್ಕಕ್ಕೆ ಬರುತ್ತದೆ, ನಡುವೆ ನುಗ್ಗಿದವರು ಹಿಂದಾಗುತ್ತಾರೆ.

ಲೆಕ್ಕ ಹಾಕಿ ನೋಡೋಣ. ದೀಪದ ಪೇಟೆಂಟ್, ವಿನ್ಯಾಸ, ಹೆಸರು ಮೂರಕ್ಕೂ 2025ರ ಮಾರ್ಚ್ 10ರಂದು ಮೊದಲ ಅರ್ಜಿ ಹಾಕಿದ್ದೀರಿ. ಹೆಸರು ಮತ್ತು ವಿನ್ಯಾಸಕ್ಕೆ ಪರದೇಶದ ಗಡುವು 2025ರ ಸೆಪ್ಟೆಂಬರ್ 10. ಪೇಟೆಂಟ್‌ಗೆ 2026ರ ಮಾರ್ಚ್ 10. ಆ ದಿನದೊಳಗೆ ಪಿಸಿಟಿ (ಪೇಟೆಂಟ್ ಸಹಕಾರ ಒಪ್ಪಂದ) ಅಡಿಯಲ್ಲಿ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ಯಾವ ಯಾವ ದೇಶದೊಳಗೆ ಹೋಗಬೇಕೆಂದು ತೀರ್ಮಾನಿಸಲು ಮೊದಲ ದಿನಾಂಕದಿಂದ 30 ತಿಂಗಳು, ಅಂದರೆ 2027ರ ಸೆಪ್ಟೆಂಬರ್ 10ರವರೆಗೆ ಸಮಯ ಸಿಗುತ್ತದೆ. ಈ 30 ತಿಂಗಳನ್ನು ಪಿಸಿಟಿ ಅರ್ಜಿಯ ದಿನದಿಂದ ಎಣಿಸುವವರಿದ್ದಾರೆ. ಅದು ದೊಡ್ಡ ತಪ್ಪು, ಹಾಗೆ ಎಣಿಸಿದರೆ ಗಡುವು ಒಂದು ವರ್ಷ ಮುಂದೆ ಹೋದಂತೆ ಕಂಡು, ಗೊತ್ತಾಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಪಿಸಿಟಿ ಎಂದರೆ 'ಜಾಗತಿಕ ಪೇಟೆಂಟ್' ಅಲ್ಲ ಎಂಬುದೂ ನೆನಪಿರಲಿ. ಅದು ಸಾಲಿನಲ್ಲಿ ಕಾದಿರಿಸಿದ ಜಾಗ, ಕೊನೆಗೆ ಒಂದೊಂದು ದೇಶವೂ ತನ್ನದೇ ತೀರ್ಪು ಕೊಡುತ್ತದೆ.

ವ್ಯಾಪಾರ ಮೇಳದಲ್ಲಿ ಸರಕು ಪ್ರದರ್ಶಿಸುವುದು, ಆನ್‌ಲೈನ್‌ನಲ್ಲಿ ಫೋಟೊ ಹಾಕುವುದು, ಖರೀದಿದಾರರಿಗೆ ಗೌಪ್ಯತಾ ಒಪ್ಪಂದವಿಲ್ಲದೆ ಸ್ಯಾಂಪಲ್ ಕಳಿಸುವುದು, ಇವೆಲ್ಲ ಮೊದಲ ಅರ್ಜಿಯ ನಂತರವೇ ಆಗಬೇಕು. ಮೊದಲೇ ಬಯಲಾದ ಆವಿಷ್ಕಾರ 'ಹೊಸದು' ಎನಿಸಿಕೊಳ್ಳುವುದಿಲ್ಲ. ಕೆಲವು ದೇಶಗಳು ರಿಯಾಯಿತಿ ಅವಧಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಹಲವು ದೇಶಕ್ಕೆ ಮಾರುವವರು ಅದನ್ನು ನಂಬಿ ಕೂರುವಂತಿಲ್ಲ.

ಟ್ರೇಡ್‌ಮಾರ್ಕ್‌ಗೆ ಮ್ಯಾಡ್ರಿಡ್ ವ್ಯವಸ್ಥೆ ಅಗ್ಗ ಮತ್ತು ಸುಲಭ: ಒಂದೇ ಅರ್ಜಿಯಲ್ಲಿ ಹಲವು ದೇಶ. ಅದರ ದುರ್ಬಲ ಜಾಗ ಮೊದಲ 5 ವರ್ಷ. ಆ ಅವಧಿಯಲ್ಲಿ ನಿಮ್ಮ ಮೂಲ ದೇಶದ ಅರ್ಜಿ ಅಥವಾ ನೋಂದಣಿ ಬಿದ್ದುಹೋದರೆ ಅದನ್ನು ಆಧರಿಸಿದ ಅಂತರರಾಷ್ಟ್ರೀಯ ನೋಂದಣಿಯೂ ಎಲ್ಲ ದೇಶಗಳಲ್ಲಿ ಅಷ್ಟರ ಮಟ್ಟಿಗೆ ಬೀಳುತ್ತದೆ. ಪ್ರತಿಸ್ಪರ್ಧಿಗಳು ಇದನ್ನು ಬಲ್ಲರು, ಬುಡಕ್ಕೇ ಕೊಡಲಿ ಹಾಕುತ್ತಾರೆ. ಹಾಗಾದಾಗ 3 ತಿಂಗಳೊಳಗೆ ಆಯಾ ದೇಶದ ಅರ್ಜಿಯಾಗಿ ಬದಲಿಸಿಕೊಳ್ಳಲು ಅವಕಾಶವಿದೆ. ಮೂಲ ಮಾರ್ಕ್ ಬಗ್ಗೆ ಅನುಮಾನವಿದ್ದರೆ ಮುಖ್ಯ ಮಾರುಕಟ್ಟೆಗಳಲ್ಲಿ ನೇರ ಅರ್ಜಿಯೇ ಮೇಲು.

ಅಸಲಿ ಸರಕೂ ಅಕ್ರಮವಾಗಬಹುದು

ಇದು ಕೇಳಲು ವಿಚಿತ್ರ, ಆದರೆ ಮರುಮಾರಾಟ ಮಾಡುವವರು ತಿಳಿಯಲೇಬೇಕಾದದ್ದು. ಮಾಲೀಕರೇ ಒಂದು ದೇಶದಲ್ಲಿ ಮಾರಿದ ಅಸಲಿ ಸರಕನ್ನು ನೀವು ಕೊಂಡು ಇನ್ನೊಂದು ದೇಶಕ್ಕೆ ತಂದರೆ ಅದು ಸಮಾನಾಂತರ ಆಮದು. ಮೊದಲ ಮಾರಾಟದ ನಂತರ ಮಾಲೀಕರ ಹಿಡಿತ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಟ್ರಿಪ್ಸ್ 6ನೇ ವಿಧಿ ಬೇಕೆಂದೇ ತೀರ್ಮಾನಿಸದೆ ದೇಶಗಳಿಗೆ ಬಿಟ್ಟಿದೆ. ಜಗತ್ತಿನಲ್ಲಿ ಎಲ್ಲೇ ಮಾರಿದರೂ ಹಿಡಿತ ಮುಗಿಯಿತು ಎನ್ನುವ ದೇಶಗಳಿವೆ. ಅಮೆರಿಕದ ಸುಪ್ರೀಂ ಕೋರ್ಟ್ ಕೃತಿಸ್ವಾಮ್ಯದ ಬಗ್ಗೆ 2013ರಲ್ಲಿ, ಪೇಟೆಂಟ್ ಬಗ್ಗೆ 2017ರಲ್ಲಿ ಹೀಗೆಯೇ ಹೇಳಿತು. ಐರೋಪ್ಯ ಒಕ್ಕೂಟ ತನ್ನ ಆರ್ಥಿಕ ವಲಯದೊಳಗೆ ಮಾರಿದ್ದಕ್ಕೆ ಮಾತ್ರ ಒಪ್ಪುತ್ತದೆ. ಹೊರಗೆ ಮಾರಿದ ಅಸಲಿ ಸರಕನ್ನು ಅನುಮತಿಯಿಲ್ಲದೆ ಒಳತಂದರೆ ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದು ಅಲ್ಲಿನ ನ್ಯಾಯಾಲಯ 1998ರ ಸಿಲ್ಹುಯೆಟ್ ಪ್ರಕರಣದಲ್ಲಿ ಖಚಿತಪಡಿಸಿತು.

ಆದ್ದರಿಂದ ಮರುಮಾರಾಟದ ಸರಕಿಗೆ 'ಅಸಲಿ' ಎಂಬ ಪ್ರಮಾಣಪತ್ರ ಸಾಲದು. ಮೊದಲ ಮಾರಾಟ ಯಾವ ದೇಶದಲ್ಲಿ, ಯಾರಿಂದ, ಯಾರ ಒಪ್ಪಿಗೆಯಿಂದ ಆಯಿತು ಎಂದು ತೋರಿಸುವ ಇನ್‌ವಾಯ್ಸ್ ಸರಪಳಿ ಬೇಕು. ಒಂದೇ ದೇಶ ಪೇಟೆಂಟ್‌ಗೆ ಒಂದು ನಿಯಮ, ಟ್ರೇಡ್‌ಮಾರ್ಕ್‌ಗೆ ಇನ್ನೊಂದು ನಿಯಮ ಇಟ್ಟಿರಬಹುದು, ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಕರಾರು ಪತ್ರದಲ್ಲಿ ಏನಿರಬೇಕು

ಇನ್‌ಕೋಟರ್ಮ್ಸ್ (ಅಂತರರಾಷ್ಟ್ರೀಯ ಸರಕು ಮಾರಾಟದ ಸಿದ್ಧ ಷರತ್ತುಗಳು) ಅನ್ನು ಬರೆದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರು ಬಹಳ. ಅದು ಸಾಗಣೆ, ವೆಚ್ಚ, ನಷ್ಟದ ಹೊಣೆ ಹಂಚುತ್ತದೆ. ಪೇಟೆಂಟ್ ಉಲ್ಲಂಘನೆಯ ಹೊಣೆ ಯಾರದು ಎಂಬ ಬಗ್ಗೆ ಒಂದಕ್ಷರವೂ ಇಲ್ಲ. 1980ರ ವಿಯೆನ್ನಾ ಸರಕು ಮಾರಾಟ ಒಪ್ಪಂದ ನಿಮ್ಮ ವ್ಯವಹಾರಕ್ಕೆ ಅನ್ವಯಿಸಿದರೆ ಅದರ 42ನೇ ವಿಧಿ ಒಂದು ಹಂಚಿಕೆ ಮಾಡುತ್ತದೆ. ಸರಕು ಎಲ್ಲಿ ಮರುಮಾರಾಟವಾಗುತ್ತದೆ ಅಥವಾ ಬಳಕೆಯಾಗುತ್ತದೆ ಎಂದು ಕರಾರಿನ ವೇಳೆಗೆ ಇಬ್ಬರಿಗೂ ಗೊತ್ತಿದ್ದರೆ ಆ ದೇಶದ ಕಾನೂನಿನ ಪ್ರಕಾರ, ಇಲ್ಲದಿದ್ದರೆ ಕೊಳ್ಳುವವರ ವ್ಯವಹಾರ ಸ್ಥಳವಿರುವ ದೇಶದ ಕಾನೂನಿನ ಪ್ರಕಾರ, ಮಾರುವವರಿಗೆ ತಿಳಿದಿದ್ದ ಅಥವಾ ತಿಳಿಯದಿರಲು ಸಾಧ್ಯವಿಲ್ಲದ ಬೌದ್ಧಿಕ ಆಸ್ತಿ ತಕರಾರು ಇಲ್ಲದ ಸರಕನ್ನು ಅವರು ಕೊಡಬೇಕು. ಕೊಳ್ಳುವವರೇ ಕೊಟ್ಟ ನಕ್ಷೆ, ವಿನ್ಯಾಸ, ಸೂತ್ರದಂತೆ ಮಾಡಿದ್ದರಿಂದಲೇ ತಕರಾರು ಹುಟ್ಟಿದ್ದರೆ ಮಾರುವವರ ಮೇಲೆ ಈ ಹೊಣೆಯಿಲ್ಲ.

ಇದರಿಂದ ಕರಾರಿಗೆ ಇಳಿಯುವ ಮಾತು ಸ್ಪಷ್ಟ. ಸರಕು ಯಾವ ದೇಶಗಳಲ್ಲಿ ಮಾರಾಟವಾಗುತ್ತದೆ ಎಂದು ಹೆಸರಿಸಿ ಬರೆಯಿರಿ, 'ವಿಶ್ವಾದ್ಯಂತ' ಎಂದು ಬರೆಯಬೇಡಿ. ಕೊಳ್ಳುವವರು ಕೊಟ್ಟ ಲೋಗೊ, ನಕ್ಷೆ, ಫೈಲುಗಳ ಪಟ್ಟಿಯನ್ನು ದಿನಾಂಕ ಸಮೇತ ಅನುಬಂಧವಾಗಿ ಲಗತ್ತಿಸಿ. ಗಡಿಯಲ್ಲಿ ಸರಕು ತಡೆದರೆ ಎಷ್ಟು ಗಂಟೆಯೊಳಗೆ ಯಾರು ಯಾರಿಗೆ ತಿಳಿಸಬೇಕು, ಕಂಟೇನರ್ ಬಾಡಿಗೆ ಮತ್ತು ವಕೀಲರ ಖರ್ಚು ಯಾರದು, ನಾಶಪಡಿಸಲು ಒಪ್ಪುವ ಅಧಿಕಾರ ಯಾರಿಗೆ, ಇವನ್ನೂ ಬಾಯಿಮಾತಿಗೆ ಬಿಡಬೇಡಿ.

ಪರವಾನಗಿ ಪಡೆದ ಸರಕಾದರೆ ಕಸ್ಟಮ್ಸ್ ಮೌಲ್ಯದಲ್ಲಿ ಇನ್ನೊಂದು ಗುಂಡಿಯಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಕಸ್ಟಮ್ಸ್ ಮೌಲ್ಯಮಾಪನ ಒಪ್ಪಂದದ 8ನೇ ವಿಧಿಯಂತೆ, ರಾಯಲ್ಟಿ ಆ ಸರಕಿಗೇ ಸಂಬಂಧಿಸಿದ್ದು, ಅದನ್ನು ಕಟ್ಟುವುದು ಮಾರಾಟದ ಷರತ್ತೂ ಆಗಿದ್ದು, ಬೆಲೆಯಲ್ಲಿ ಮೊದಲೇ ಸೇರಿಲ್ಲದಿದ್ದರೆ ಅದನ್ನು ಮೌಲ್ಯಕ್ಕೆ ಸೇರಿಸಬೇಕು. ಇನ್‌ವಾಯ್ಸ್ 100, ರಾಯಲ್ಟಿ 6, ಸುಂಕ ಶೇ 10 ಎಂದಾದರೆ ಕಟ್ಟಬೇಕಾದದ್ದು 10 ಅಲ್ಲ, 10.6. ಆಮದಾದ ದೇಶದಲ್ಲಿ ಆ ಸರಕಿನ ಪ್ರತಿಗಳನ್ನು ಮಾಡುವ ಹಕ್ಕಿಗೆ ಕೊಟ್ಟ ಹಣ ಮಾತ್ರ ಸೇರುವುದಿಲ್ಲ. ರಾಯಲ್ಟಿ ಒಪ್ಪಂದ ಒಂದು ವಿಭಾಗದ ಬೀರುವಿನಲ್ಲಿ, ಆಮದು ಕಾಗದ ಇನ್ನೊಂದು ವಿಭಾಗದಲ್ಲಿ ಇರುವ ಕಂಪನಿಗಳಲ್ಲಿ ಈ ಬಾಕಿ ವರ್ಷಗಟ್ಟಲೆ ಬೆಳೆದು, ಆಡಿಟ್ ಬಂದಾಗ ದಂಡದೊಂದಿಗೆ ಹೊರಬೀಳುತ್ತದೆ.

ಗಡಿಯಲ್ಲಿ ಸರಕು ತಡೆದಾಗ

ಟ್ರಿಪ್ಸ್ 51ರಿಂದ 60ನೇ ವಿಧಿಗಳು ಗಡಿ ಕ್ರಮದ ಚೌಕಟ್ಟು. ಖೋಟಾ ಟ್ರೇಡ್‌ಮಾರ್ಕ್ ಸರಕು, ಕೃತಿಸ್ವಾಮ್ಯ ಕದ್ದ ಸರಕು ಎಂಬ ಬಲವಾದ ಕಾರಣವಿದ್ದಾಗ ಆಮದು ಸರಕನ್ನು ತಡೆಸುವ ಏರ್ಪಾಡು ಎಲ್ಲ ಸದಸ್ಯ ದೇಶಗಳಲ್ಲೂ ಇರಬೇಕು. ಪೇಟೆಂಟ್, ವಿನ್ಯಾಸದ ವಿಷಯದಲ್ಲಿ ಅದು ದೇಶದ ಇಚ್ಛೆ. ಆದ್ದರಿಂದ ತಡೆ ನೋಟಿಸ್ ಬಂದ ಕೂಡಲೇ ಓದಬೇಕಾದ ಮೊದಲ ಸಾಲು: ಯಾವ ಹಕ್ಕಿನ ಹೆಸರಿನಲ್ಲಿ ತಡೆದಿದ್ದಾರೆ?

ಅಲ್ಲಿಂದ ಗಡಿಯಾರ ಓಡತೊಡಗುತ್ತದೆ. ತಡೆ ಕೋರಿದವರಿಗೆ ನೋಟಿಸ್ ಸಿಕ್ಕಿದ 10 ಕೆಲಸದ ದಿನಗಳೊಳಗೆ ಮೊಕದ್ದಮೆ ಶುರುವಾಗಿದೆ ಅಥವಾ ತಾತ್ಕಾಲಿಕ ಆದೇಶ ಬಂದಿದೆ ಎಂದು ಕಸ್ಟಮ್ಸ್‌ಗೆ ತಿಳಿಯದಿದ್ದರೆ, ಉಳಿದ ಷರತ್ತುಗಳು ಸರಿಯಿದ್ದಾಗ ಸರಕನ್ನು ಬಿಡಬೇಕು. ಸೂಕ್ತ ಸಂದರ್ಭದಲ್ಲಿ ಇನ್ನೂ 10 ಕೆಲಸದ ದಿನ ಸೇರಿಸಬಹುದು. ಈ ಇಪ್ಪತ್ತು ದಿನ ಕೈಕಟ್ಟಿ ಕೂರುವುದಕ್ಕಲ್ಲ. ಮೊದಲ ದಿನವೇ ಕಸ್ಟಮ್ಸ್ ಬ್ರೋಕರ್ ಮೂಲಕ ನೋಟಿಸ್‌ನ ಪ್ರತಿ, ತಡೆ ಕೋರಿದವರ ವಿವರ, ಅವರ ನೋಂದಣಿ ಸಂಖ್ಯೆ ತರಿಸಿ. ಎರಡನೇ ದಿನ ಆ ನೋಂದಣಿ ಆ ದೇಶದ ರಿಜಿಸ್ಟರ್‌ನಲ್ಲಿ ಜೀವಂತವಾಗಿದೆಯೇ, ನಿಮ್ಮ ಸರಕಿನ ವರ್ಗಕ್ಕೆ ಅನ್ವಯಿಸುತ್ತದೆಯೇ ನೋಡಿ. ಸರಕನ್ನು ಪರೀಕ್ಷಿಸಲು ಅವರಿಗೆ ಎಷ್ಟು ಅವಕಾಶವೋ ಆಮದುದಾರರಿಗೂ ಅಷ್ಟೇ ಅವಕಾಶ 57ನೇ ವಿಧಿಯಲ್ಲಿದೆ. ಅದನ್ನು ಲಿಖಿತವಾಗಿ ಕೇಳಿ, ಮಾದರಿಯ ಫೋಟೊ ತೆಗೆಸಿ.

ಮೌನ ಇಲ್ಲಿ ಬಹಳ ದುಬಾರಿ. ಐರೋಪ್ಯ ಒಕ್ಕೂಟದ 2013ರ 608ನೇ ನಿಯಮಾವಳಿಯಡಿ, ಹಕ್ಕುದಾರರು ಉಲ್ಲಂಘನೆ ಎಂದು ಖಚಿತಪಡಿಸಿ ನಾಶಕ್ಕೆ ಒಪ್ಪಿದ ಮೇಲೆ, ಸರಕು ಘೋಷಿಸಿದವರು ಗಡುವಿನೊಳಗೆ ಒಪ್ಪಿಗೆಯನ್ನೂ ವಿರೋಧವನ್ನೂ ತಿಳಿಸದಿದ್ದರೆ ಒಪ್ಪಿಗೆಯಿದೆ ಎಂದು ಕಸ್ಟಮ್ಸ್ ಭಾವಿಸಬಹುದು. ಗಡುವು 10 ಕೆಲಸದ ದಿನ, ಬೇಗ ಕೆಡುವ ಸರಕಿಗೆ ಬರೀ 3 ದಿನ. ವಿರೋಧವಿದ್ದರೆ ಒಂದು ಸಾಲಿನ ಪತ್ರವಾದರೂ ಹೋಗಲೇಬೇಕು, ವಿವರವಾದ ವಾದ ಆಮೇಲೆ ಬರಲಿ. ಇನ್ನೊಂದು ಮಾತು: ಅಂಚೆ ಮತ್ತು ಕೊರಿಯರ್‌ನಲ್ಲಿ ಹೋಗುವ ಸಣ್ಣ ಪಾರ್ಸೆಲ್‌ಗೆ, ಅಂದರೆ 3 ಅಥವಾ ಅದಕ್ಕೂ ಕಡಿಮೆ ವಸ್ತುಗಳಿರುವ, ಇಲ್ಲವೇ 2 ಕಿಲೊಗಿಂತ ಕಡಿಮೆ ತೂಕದ ಪಾರ್ಸೆಲ್‌ಗೆ, ಅಲ್ಲಿ ಪ್ರತ್ಯೇಕ ಚುಟುಕು ವಿಧಾನವಿದೆ. ಸಣ್ಣದು, ಯಾರೂ ನೋಡುವುದಿಲ್ಲ ಎಂಬ ಲೆಕ್ಕಾಚಾರ ಬೇಡ.

ತಡೆದದ್ದು ಪೇಟೆಂಟ್, ವಿನ್ಯಾಸ ಅಥವಾ ಚಿಪ್ ವಿನ್ಯಾಸದ ಹೆಸರಿನಲ್ಲಾದರೆ ದಾರಿ ಸ್ವಲ್ಪ ಸಲೀಸು. ನ್ಯಾಯಾಲಯದ ತೀರ್ಮಾನವಿಲ್ಲದೆ ಸರಕು ತಡೆಯಲಾಗಿದ್ದು, ಗಡುವು ಮುಗಿದರೂ ಅಧಿಕಾರವುಳ್ಳ ಪ್ರಾಧಿಕಾರ ತಾತ್ಕಾಲಿಕ ತಡೆ ಕೊಟ್ಟಿಲ್ಲದಿದ್ದರೆ, ಹಕ್ಕುದಾರರ ನಷ್ಟಕ್ಕೆ ಸಾಕಾಗುವಷ್ಟು ಭದ್ರತಾ ಠೇವಣಿ ಇಟ್ಟು ಸರಕು ಬಿಡಿಸಿಕೊಳ್ಳುವ ಹಕ್ಕು ಟ್ರಿಪ್ಸ್ 53ನೇ ವಿಧಿಯಲ್ಲಿದೆ. ಖೋಟಾ ಟ್ರೇಡ್‌ಮಾರ್ಕ್ ಆರೋಪಕ್ಕೆ ಈ ಸವಲತ್ತಿಲ್ಲ. ಹೆಸರಿನ ಚೀಟಿ ಕಿತ್ತುಹಾಕಿ ಬಿಟ್ಟುಬಿಡಿ ಎಂಬ ಕೋರಿಕೆಯೂ ನಡೆಯುವುದಿಲ್ಲ. ವಿಶೇಷ ಸಂದರ್ಭ ಬಿಟ್ಟರೆ ಅಕ್ರಮ ಮಾರ್ಕನ್ನು ತೆಗೆದುಹಾಕಿದ ಮಾತ್ರಕ್ಕೆ ಸರಕನ್ನು ಮಾರುಕಟ್ಟೆಗೆ ಬಿಡುವಂತಿಲ್ಲ ಎಂಬುದು 46ನೇ ವಿಧಿಯ ತತ್ವ. ಜಪ್ತಿ ಮಾಡಿದ ಸರಕಿನಿಂದ ಮಾರ್ಕ್ ತೆಗೆದು ಹರಾಜು ಹಾಕುತ್ತಿದ್ದ ಚೀನಾದ ಕ್ರಮದ ಬಗ್ಗೆ ಅಮೆರಿಕ ತಂದ ದೂರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ವಿಚಾರಣಾ ಸಮಿತಿಯ 2009ರ ವರದಿ ಇದನ್ನೇ ಎತ್ತಿಹಿಡಿಯಿತು. ತಡೆ ತಪ್ಪೆಂದು ಸಾಬೀತಾದರೆ 56ನೇ ವಿಧಿಯಂತೆ ತಡೆ ಕೋರಿದವರಿಂದ ಪರಿಹಾರ ಕೇಳಬಹುದು. ಅದಕ್ಕೆ ಬಂದರು ಬಾಡಿಗೆ, ತಡವಾದ ದಂಡ, ರದ್ದಾದ ಆರ್ಡರ್‌ನ ಕಾಗದ, ಎಲ್ಲವೂ ದಿನಾಂಕವಾರು ಇರಬೇಕು.

ದಾಟಿ ಹೋಗುವ ದೇಶ

2008ರ ಡಿಸೆಂಬರ್‌ನಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ಲೊಸಾರ್ಟನ್ ಔಷಧಿಯ ಸರಕನ್ನು ನೆದರ್ಲೆಂಡ್ಸ್‌ನಲ್ಲಿ ತಡೆಯಲಾಯಿತು. ಕಳಿಸಿದ ದೇಶದಲ್ಲೂ ತಲುಪಬೇಕಾದ ದೇಶದಲ್ಲೂ ಅದಕ್ಕೆ ಪೇಟೆಂಟ್ ಅಡ್ಡಿಯಿರಲಿಲ್ಲ, ನಡುವಿನ ದೇಶದಲ್ಲಿತ್ತು. 2010ರ ಮೇ ತಿಂಗಳಲ್ಲಿ ಭಾರತ ಮತ್ತು ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ದಾಖಲಿಸಿದವು, ಸರಕು ಸಾಗಣೆಯ ಸ್ವಾತಂತ್ರ್ಯ ಹೇಳುವ ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ) 5ನೇ ವಿಧಿ ಅವುಗಳ ಮುಖ್ಯ ಆಧಾರಗಳಲ್ಲೊಂದು. ಔಷಧಿಗೆ ಕಾದಿದ್ದ ರೋಗಿಗಳ ಮುಂದೆ ಇಂಥ ತಡೆಗೆ ನ್ಯಾಯ ಹೇಳುವುದು ಕಷ್ಟ. 2011ರ ಡಿಸೆಂಬರ್ 1ರಂದು ಫಿಲಿಪ್ಸ್ ಮತ್ತು ನೋಕಿಯಾ ಪ್ರಕರಣಗಳಲ್ಲಿ ಐರೋಪ್ಯ ನ್ಯಾಯಾಲಯ, ಒಕ್ಕೂಟದೊಳಗೆ ಮಾರುವ ಉದ್ದೇಶ ಸಾಬೀತಾಗದೆ, ಬರೀ ದಾಟಿ ಹೋಗುತ್ತಿದೆ ಎಂಬ ಕಾರಣಕ್ಕೆ ಸರಕನ್ನು ನಕಲಿ ಎನ್ನಲಾಗದು ಎಂದಿತು. ಆದರೆ ಅಲ್ಲಿಗೆ ನಿಶ್ಚಿಂತೆಯಾಗಬೇಡಿ. ಒಕ್ಕೂಟದ ಟ್ರೇಡ್‌ಮಾರ್ಕ್ ಕಾನೂನು 2015ರಲ್ಲಿ ತಿದ್ದುಪಡಿಯಾಗಿ, ಅದೇ ಮಾರ್ಕ್ ಹೊತ್ತ ಸರಕನ್ನು ದಾಟುವಾಗಲೂ ತಡೆಯುವ ಅಧಿಕಾರ ಹಕ್ಕುದಾರರಿಗೆ ಸಿಕ್ಕಿತು. ಕೊನೆಯ ದೇಶದಲ್ಲಿ ಮಾರಾಟ ತಡೆಯುವ ಹಕ್ಕು ಅವರಿಗಿಲ್ಲ ಎಂದು ಸರಕಿನವರು ಸಾಬೀತುಪಡಿಸಿದರೆ ಮಾತ್ರ ಬಿಡುಗಡೆ.

ಆದ್ದರಿಂದ ಸರಕಿನ ಜತೆ ಹೋಗುವ ಕಾಗದದಲ್ಲಿ ಕೊನೆಯ ದೇಶ, ಅಲ್ಲಿನ ಖರೀದಿದಾರರ ವಿಳಾಸ, ಅಲ್ಲಿನ ನಿಮ್ಮ ನೋಂದಣಿ ಸಂಖ್ಯೆ ಅಥವಾ ಅಲ್ಲಿ ಎದುರು ಹಕ್ಕಿಲ್ಲ ಎಂಬ ಹುಡುಕಾಟದ ವರದಿ ಇರಲಿ. ತಲುಪುವ ಸ್ಥಳವನ್ನು 'ಆದೇಶದಂತೆ' ಎಂದು ಖಾಲಿ ಬಿಟ್ಟ ಸರಕು ಅನುಮಾನಕ್ಕೆ ತಾನಾಗಿಯೇ ಆಹ್ವಾನ ಕೊಡುತ್ತದೆ. ದಾರಿ ಬದಲಿಸಲು ಸಾಧ್ಯವಿದ್ದರೆ, ತಕರಾರಿರುವ ದೇಶವನ್ನು ಬಿಟ್ಟು ಬುಕ್ ಮಾಡುವಂತೆ ಸಾಗಣೆ ಏಜೆಂಟರಿಗೆ ಮೊದಲೇ ಲಿಖಿತ ಸೂಚನೆ ಕೊಡಿ.

ಔಷಧಿ ರಫ್ತು ಮಾಡುವವರಿಗೆ ಇನ್ನೆರಡು ಮಾತು. ಪೇಟೆಂಟ್ ಮುಗಿಯುವ ಮೊದಲೇ ಮಾರುಕಟ್ಟೆ ಅನುಮತಿಗಾಗಿ ಪರೀಕ್ಷೆ ನಡೆಸಲು ಕೊಟ್ಟಿದ್ದ ವಿನಾಯಿತಿಯನ್ನು 2000ದಲ್ಲಿ ಕೆನಡಾ ಪ್ರಕರಣದ ಸಮಿತಿ ಒಪ್ಪಿತು. ಕೊನೆಯ 6 ತಿಂಗಳಲ್ಲಿ ದಾಸ್ತಾನು ಮಾಡಿಟ್ಟುಕೊಳ್ಳುವ ವಿನಾಯಿತಿಯನ್ನು ಒಪ್ಪಲಿಲ್ಲ. ಕಡ್ಡಾಯ ಪರವಾನಗಿಯಡಿ, ಅಂದರೆ ಪೇಟೆಂಟ್ ಮಾಲೀಕರ ಒಪ್ಪಿಗೆಯಿಲ್ಲದೆ ಸರ್ಕಾರ ಕೊಟ್ಟ ಅನುಮತಿಯಡಿ ತಯಾರಿಸಿದ್ದು ಟ್ರಿಪ್ಸ್ 31ನೇ ವಿಧಿಯಂತೆ ಪ್ರಧಾನವಾಗಿ ಸ್ವದೇಶದ ಮಾರುಕಟ್ಟೆಗೇ ಹೋಗಬೇಕು. ತಯಾರಿಸುವ ಸಾಮರ್ಥ್ಯವಿಲ್ಲದ ದೇಶಕ್ಕೆ ರಫ್ತು ಮಾಡಲು ವಿಶ್ವ ವ್ಯಾಪಾರ ಸಂಸ್ಥೆಯ 2003ರ ತೀರ್ಮಾನ ದಾರಿ ತೆರೆಯಿತು, ಅದು 2017ರ ಜನವರಿ 23ರಿಂದ ಒಪ್ಪಂದದ ಭಾಗವೇ ಆಗಿದೆ. ಅದಕ್ಕೆ ಟ್ರಿಪ್ಸ್ ಮಂಡಳಿಗೆ ಸೂಚನೆ, ಪ್ರಮಾಣದ ನಿಖರ ಮಿತಿ, ಪ್ರತ್ಯೇಕ ಗುರುತಿನ ಪ್ಯಾಕಿಂಗ್, ಕಳಿಸುವ ಮುನ್ನ ವಿವರವನ್ನು ವೆಬ್‌ಸೈಟ್‌ನಲ್ಲಿ ಪ್ರಕಟಿಸುವುದು ಎಲ್ಲ ಬೇಕು. ಕೆನಡಾದಿಂದ ರುವಾಂಡಾಗೆ 2008ರಲ್ಲಿ ಎಚ್‌ಐವಿ ಔಷಧಿ ಹೋದದ್ದು ಈ ದಾರಿಯಲ್ಲೇ. ಜೀವ ಉಳಿಸುವ ಉದ್ದೇಶಕ್ಕೆ ಹಾಕಿಕೊಟ್ಟ ದಾರಿಯಲ್ಲಿ ಇಷ್ಟು ಮೆಟ್ಟಿಲುಗಳಿರುವುದು ದುಃಖದ ಸಂಗತಿ.

ಮುಕ್ತ ವ್ಯಾಪಾರ ಒಪ್ಪಂದ ಓದುವಾಗ

ಎರಡು ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಸುಂಕದ ಪಟ್ಟಿ ನೋಡಿ ಮುಚ್ಚಿಡಬೇಡಿ, ಬೌದ್ಧಿಕ ಆಸ್ತಿಯ ಅಧ್ಯಾಯವನ್ನೂ ಓದಿ. ಸುಂಕ ರಿಯಾಯಿತಿ ಆ ಎರಡು ದೇಶಗಳಿಗಷ್ಟೇ ಸೀಮಿತವಾಗಿರಲು ಗ್ಯಾಟ್ 24ನೇ ವಿಧಿ ಅವಕಾಶ ಕೊಡುತ್ತದೆ. ಟ್ರಿಪ್ಸ್‌ನಲ್ಲಿ ಅಂಥ ವಿನಾಯಿತಿಯಿಲ್ಲ. ಒಂದು ದೇಶ ಒಪ್ಪಂದವೊಂದರಲ್ಲಿ ಹೆಚ್ಚಿನ ಪೇಟೆಂಟ್ ಅವಧಿಗೆ ಒಪ್ಪಿದರೆ, 4ನೇ ವಿಧಿಯ ಬಲದಿಂದ ಎಲ್ಲ ಸದಸ್ಯ ದೇಶದವರಿಗೂ ಅದೇ ಸಿಗುತ್ತದೆ. ಹೀಗಾಗಿ ನೀವು ಮಾರುವ ದೇಶ ಯಾರ ಜತೆ ಒಪ್ಪಂದ ಮಾಡಿಕೊಂಡರೂ ನಿಮ್ಮ ಹಕ್ಕುಗಳ ಪಟ್ಟಿಯ ಐದನೇ ಕಾಲಂನ ದಿನಾಂಕ ಬದಲಾಗಬಹುದು.

ದೇಶವೇ ತಪ್ಪಿದಾಗ

ಎದುರಾಳಿ ಕಂಪನಿಯಲ್ಲ, ಆ ದೇಶದ ಕಾನೂನೇ ಟ್ರಿಪ್ಸ್‌ಗೆ ವಿರುದ್ಧವಾಗಿದ್ದರೆ? ವ್ಯಾಪಾರಿಯಾಗಲಿ ಕಂಪನಿಯಾಗಲಿ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ತಟ್ಟುವಂತಿಲ್ಲ, ನಿಮ್ಮ ಸರ್ಕಾರ ಮಾತ್ರ ದೂರಬಹುದು. ಮೊದಲು ಮಾತುಕತೆಗೆ ಕೋರಿಕೆ, 60 ದಿನದಲ್ಲಿ ಬಗೆಹರಿಯದಿದ್ದರೆ ವಿಚಾರಣಾ ಸಮಿತಿ. 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿಗೆ ಸದಸ್ಯರ ಕೋರಂ ಇಲ್ಲದೆ ಕೆಲಸ ನಿಂತಿದೆ. 2020ರಲ್ಲಿ ಕೆಲವು ದೇಶಗಳು ತಮ್ಮೊಳಗೆ ತಾತ್ಕಾಲಿಕ ಮೇಲ್ಮನವಿ ಪಂಚಾಯಿತಿ ಏರ್ಪಾಡು ಮಾಡಿಕೊಂಡಿವೆ. ಎರಡೂ ಕಡೆಯವರು ಅದರಲ್ಲಿದ್ದಾರೆಯೇ ಎಂದು ನೋಡಿ, ಇಲ್ಲದಿದ್ದರೆ ಸೋತವರು ಮೇಲ್ಮನವಿ ಹಾಕಿ ವರದಿಯನ್ನು ಅಲ್ಲೇ ನಿಲ್ಲಿಸಿಬಿಡಬಹುದು.

ಗೆದ್ದರೂ ಪಾಲಿಸದಿದ್ದಾಗ ಪ್ರತೀಕಾರದ ಅನುಮತಿ ಸಿಗುತ್ತದೆ, ವ್ಯಾಪಾರ ಮತ್ತು ಬೌದ್ಧಿಕ ಆಸ್ತಿಯ ನಂಟು ಅತ್ಯಂತ ಬಿಗಿಯಾಗಿ ಕಾಣುವುದು ಆಗಲೇ. ಬಾಳೆಹಣ್ಣಿನ ವ್ಯಾಜ್ಯದಲ್ಲಿ 2000ದಲ್ಲಿ ಈಕ್ವೆಡಾರ್‌ಗೆ ಐರೋಪ್ಯ ಒಕ್ಕೂಟದ ವಿರುದ್ಧ ವರ್ಷಕ್ಕೆ 20.16 ಕೋಟಿ ಡಾಲರ್‌ವರೆಗೆ ಪ್ರತೀಕಾರಕ್ಕೆ ಅನುಮತಿ ಸಿಕ್ಕಿತು. ಅದರಲ್ಲಿ ಟ್ರಿಪ್ಸ್ ಬದ್ಧತೆಗಳನ್ನು ಅಮಾನತಿನಲ್ಲಿಡುವುದೂ ಸೇರಿತ್ತು. ಆನ್‌ಲೈನ್ ಜೂಜಿನ ವ್ಯಾಜ್ಯದಲ್ಲಿ 2013ರಲ್ಲಿ ಆಂಟಿಗುವಾ ದೇಶಕ್ಕೆ ಅಮೆರಿಕದ ವಿರುದ್ಧ ವರ್ಷಕ್ಕೆ 2.1 ಕೋಟಿ ಡಾಲರ್‌ವರೆಗೆ ಇಂಥದ್ದೇ ಅಧಿಕಾರ ಸಿಕ್ಕಿತು. ಬಾಳೆಹಣ್ಣಿಗೂ ಜೂಜಿಗೂ ಸಂಬಂಧವೇ ಇಲ್ಲದ ಹಕ್ಕುದಾರರು ಇಂಥ ಅನುಮತಿಯ ಗುರಿಯಾಗಬಹುದು. ನೀವು ಪರವಾನಗಿ ಕೊಟ್ಟ ದೇಶದ ಮೇಲೆ ಅಥವಾ ಪಡೆದ ದೇಶದ ಮೇಲೆ ವ್ಯಾಜ್ಯ ನಡೆಯುತ್ತಿದ್ದರೆ, ಕರಾರಿನಲ್ಲಿ ರಾಯಲ್ಟಿ ತಡೆಯಾದಾಗ ಏನಾಗಬೇಕೆಂಬ ಷರತ್ತು ಹಾಕಿಸಿ.

ಸರ್ಕಾರದ ವಾಣಿಜ್ಯ ಇಲಾಖೆಗೆ ದೂರು ಒಯ್ಯುವಾಗ ಭಾಷಣ ಬೇಡ. ತಡೆ ನೋಟಿಸ್‌ಗಳ ಪ್ರತಿ, ಆ ದೇಶದ ಕಾನೂನಿನ ಕಲಂ ಸಂಖ್ಯೆ ಮತ್ತು ಪಠ್ಯ, ಅದಕ್ಕೆ ಎದುರಾಗಿ ಟ್ರಿಪ್ಸ್ ವಿಧಿ, ಅಲ್ಲಿನ ಸ್ವದೇಶಿ ಕಂಪನಿಗೆ ಅದೇ ಸಂದರ್ಭದಲ್ಲಿ ಸಿಕ್ಕ ಉಪಚಾರದ ಪುರಾವೆ, ತಿಂಗಳುವಾರು ನಷ್ಟದ ಲೆಕ್ಕ, ಇಷ್ಟನ್ನು ಒಂದೇ ಕಡತದಲ್ಲಿ ಕೊಡಿ. ಅದೇ ತೊಂದರೆಗೆ ಸಿಕ್ಕಿದ ಇತರ ರಫ್ತುದಾರರ ಕಾಗದಗಳೂ ಜತೆಗಿದ್ದರೆ ಅಧಿಕಾರಿಗಳು ಮಾತುಕತೆಯ ಕೋರಿಕೆಯನ್ನು ನೇರವಾಗಿ ಆ ಕಡತದಿಂದಲೇ ಬರೆಯಬಹುದು.